ಮೂರು ಮುಖದ ದಾಳ

ಆಟಿಕೆ ಅಂಗಡಿಗಳಿಗೆ ಮರದ ದಾಳ ಮಾಡಿಕೊಡುವುದು ದೊಡ್ಡಕ್ಕನ ಕಸುಬು. ಮೆಟ್ಟಿಲ ಕೆಳಗಿನ ಕೋಣೆಯೇ ಅವಳ ಕಾರ್ಖಾನೆ. ಒಳಗೆ ಹೋಗಬೇಕಾದರೆ ಎಂಥವರೂ ತಲೆ ಬಗ್ಗಿಸಲೇಬೇಕು. ಬಟ್ಟೆ ಹೊಲಿಯುವ ಅವಳ ಕಿರಿಯ ತಂಗಿಯಂತೂ ನೆಟ್ಟಗೆ ನಿಲ್ಲುವಷ್ಟು ಜಾಗವಿದ್ದಿದ್ದರೂ ಅಲ್ಲಿ ತಲೆ ಬಗ್ಗಿಸುತ್ತಿದ್ದಳೋ ಏನೋ. ಅಕ್ಕನ ಕೈಕೆಲಸ ಅವಳಿಗೆ ಅಷ್ಟು ದೊಡ್ಡ ಬೆರಗು.

ನಾಲ್ಕು ಮುಖದ ದಾಳ ಉರುಳುವ ಜಾತಿಯದಲ್ಲ. ಮೇಲಕ್ಕೆ ಚಿಮ್ಮಿ ಬೀಳಿಸಬೇಕು, ಬಿದ್ದರೆ ಹಟಮಾರಿ ಮಗುವಿನಂತೆ ಕೂತೇಬಿಡುತ್ತದೆ. ಎಂಟು ಮುಖದ್ದು ಒಂದೆರಡು ಸಲ ಹೊರಳಿ ಸುಮ್ಮನಾಗುತ್ತದೆ. ಇಪ್ಪತ್ತರದ್ದನ್ನು ಉರುಳಿಸಿದರೆ ಮೇಜಿನ ಉದ್ದಕ್ಕೂ ಓಡಿ, ನಿಂತಿತು ಎನ್ನುವಾಗ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಆ ಇಪ್ಪತ್ತೂ ತ್ರಿಕೋನಗಳನ್ನು ಅಕ್ಕ ಬರೀ ಅರ ಹಿಡಿದು ಉಜ್ಜಿ ತೆಗೆಯುತ್ತಿದ್ದಳು. ತಂಗಿ ಎಷ್ಟು ಸಲ ಕಣ್ಣು ಮಿಟುಕಿಸದೆ ನೋಡಿದರೂ ಮರದ ತುಂಡು ಯಾವ ಗಳಿಗೆಯಲ್ಲಿ ದಾಳವಾಯಿತೆಂದು ಗೊತ್ತಾಗುತ್ತಿರಲಿಲ್ಲ.

"ಯಾವ ಮುಖ ಕೆಳಗಿಟ್ಟರೂ ಅದು ಒಂದೇ ಥರ ಕಾಣಬೇಕು ಕಣೇ," ಎನ್ನುತ್ತಿದ್ದಳು ಅಕ್ಕ. "ಆಗ ನೆಲಕ್ಕೆ ಭೇದ ಮಾಡೋಕೆ ಬರಲ್ಲ."

ಮಕ್ಕಳ ಆಟಕ್ಕೆ ಇಷ್ಟು ಸಾಕಮ್ಮ ಎಂದ ಅಂಗಡಿಯವನಿಗೆ, "ಹಾಗಾದ್ರೆ ಮಕ್ಕಳಿಗೇ ಮೋಸ ಮಾಡ್ಲಾ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದಳು.

ಹೀಗಿರುವಾಗ ಇವರ ಒಬ್ಬನೇ ತಮ್ಮ, ಬಸ್ಸಿನ ಡ್ರೈವರ್, ಎರಡೂ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದ. ಮೂವರು ಅಕ್ಕಂದಿರದೂ ಹೊಂದುತ್ತದೆ, ಒಬ್ಬರು ಕೊಟ್ಟರೆ ಸಾಕು, ಯಾರೆಂದು ನೀವೇ ತೀರ್ಮಾನಿಸಿ ಎಂದರು ಡಾಕ್ಟರು. ತೀರ್ಮಾನ ಎಲ್ಲಿಂದ ಬರಬೇಕು? ಮೂವರೂ "ನಂದೇ" ಎಂದು ಪಟ್ಟು ಹಿಡಿದರು. ದೊಡ್ಡವಳಿಗೆ ವಯಸ್ಸಾಯಿತು, ನಡುವಿನವಳಿಗೆ ಚಿಕ್ಕ ಮಕ್ಕಳು, ಕಿರಿಯವಳಿಗೆ ಇನ್ನೂ ಮದುವೆಯಿಲ್ಲ ಎಂದು ಒಬ್ಬರ ತೊಂದರೆಯನ್ನು ಇನ್ನೊಬ್ಬರು ಎತ್ತಿ ಆಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಕಿರಿಯವಳು. ನಿಜ ಹೇಳಬೇಕೆಂದರೆ ಆಪರೇಷನ್ ಎಂಬ ಮಾತಿಗೇ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಆ ಭಯ ಮುಚ್ಚಲೆಂದೇ ಅಷ್ಟು ದೊಡ್ಡ ಗಂಟಲು.

"ದಾಳ ಹಾಕೋಣ," ಎಂದಳು ಕೊನೆಗೆ ದೊಡ್ಡಕ್ಕ. "ಯಾರಿಗೆ ಬೀಳುತ್ತೋ ಅವರು ಕೊಡೋದು."

ಅವಳ ದಾಳದ ಮೇಲೆ ಯಾರು ಅನುಮಾನ ಪಟ್ಟಾರು? ಇಬ್ಬರೂ ಒಪ್ಪಿದರು.

ಮರುದಿನ ಬೆಳಿಗ್ಗೆ ದಾಳ ಮೇಜಿನ ಮೇಲಿತ್ತು. ಬೆರಳುದ್ದದ ಮರದ ತುಂಡು, ಮೂರು ಮುಖ. ನೆಟ್ಟಗೆ ನಿಂತುಬಿಡದಂತೆ ತುದಿಗಳನ್ನು ಗುಂಡಗೆ ಮಾಡಿದ್ದಳು. ಇಂಥ ದಾಳದಲ್ಲಿ ಒಂದು ಮುಖ ಕೆಳಗಾದರೆ ಮೇಲೆ ಬರುವುದು ಅಂಚು. ಹಾಗಾಗಿ ಗುರುತೆಲ್ಲ ಅಂಚಿನ ಮೇಲೆ: ದೊಡ್ಡವಳಿಗೆ ಒಂದು ಗೀರು, ನಡುವಿನವಳಿಗೆ ಎರಡು, ಕಿರಿಯವಳಿಗೆ ಮೂರು. ಅಂಗೈಯಿಂದ ತಳ್ಳಬೇಕು, ಗೋಡೆಗೆ ಬಡಿದು ವಾಪಸ್ ಬಂದರೆ ಮಾತ್ರ ಲೆಕ್ಕ.

ಕಿರಿಯವಳು ತಳ್ಳಿದಳು. ದಾಳ ಟಕಟಕನೆ ಹೋಗಿ ಗೋಡೆಗೆ ಬಡಿದು ಮರಳಿತು. ಒಂದು ಗೀರು ತೋರಿಸಿ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಮತ್ತೊಮ್ಮೆ ಹೊರಳಿತು. ಮೂರು ಗೀರು.

"ಅದು ಹಾಗೆ ಬೀಳಬಾರದಿತ್ತು," ಎಂದಳು ದೊಡ್ಡಕ್ಕ. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ನಡುವಿನವಳು ದಾಳ ಎತ್ತಿಕೊಂಡು ತಾನೂ ಉರುಳಿಸಿದಳು. ಒಂದು ಗೀರು. ಮತ್ತೆ ಉರುಳಿಸಿದಳು. ಒಂದೇ ಗೀರು. ಮತ್ತೂ ಅದೇ.

"ಅಕ್ಕ, ಇದರೊಳಗೆ ಏನಿಟ್ಟಿದೀಯ?"

"ಸೀಸ," ಎಂದಳು ದೊಡ್ಡಕ್ಕ ತಲೆ ತಗ್ಗಿಸಿ. "ನನ್ನ ಗೀರಿನ ಎದುರು ಮುಖದಲ್ಲಿ. ನಿಮ್ಮಿಬ್ಬರನ್ನೂ ಎತ್ತಿ ಆಡಿಸಿದೋಳು ಕಣ್ರೇ ನಾನು. ಕೊಯ್ಯಿಸ್ಕೊಳ್ಳಿ ಅಂತ ಹೇಗೆ ಕಳಿಸ್ಲಿ? ಇದು ಬೇಡ, ಬೇರೆ ಮಾಡ್ತೀನಿ."

ಕಿರಿಯವಳು ಅವಳನ್ನೇ ನೋಡುತ್ತ ನಿಂತಳು. ಜೀವಮಾನದಲ್ಲಿ ಒಂದೇ ಒಂದು ಸುಳ್ಳು ದಾಳ ಮಾಡಿದ್ದಾಳೆ, ಅದೂ ತನ್ನ ಮೈಯನ್ನೇ ಕೊಯ್ಯಿಸಿಕೊಳ್ಳಲು. ಇಂಥ ಮೋಸವೂ ಲೋಕದಲ್ಲಿ ಉಂಟೇ ಎಂದು ಅವಳ ಮೈ ಜುಮ್ಮೆಂದಿತು. ಆ ಬೆರಗಿನಲ್ಲಿ ಭಯ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಬೇರೆ ಯಾಕೆ?" ಎಂದಳು. "ನಿನ್ನ ಕಡೆ ವಾಲಿಸಿ ಮಾಡಿದ್ದೂ ನನ್ನ ಕಡೆಗೇ ಬಿತ್ತಲ್ಲಕ್ಕ. ಇನ್ನು ಯಾರೂ ಮಾತಾಡೋ ಹಾಗಿಲ್ಲ."

ದೊಡ್ಡಕ್ಕ ದಾಳಕ್ಕೆ ಕೈ ಚಾಚಿದಳು. ಕಿರಿಯವಳು ಅದನ್ನು ಮೊದಲೇ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟಿದಳು.