ಖಾರದ ಕೈ

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಒಂದು ದಿನ ಗೋದಾಮಿನಲ್ಲಿ ಕುಳಿತು ಬೆಳಗಿನಿಂದ ಸಂಜೆತನಕ ತೊಟ್ಟು ಬಿಡಿಸಲಿ, ಆಮೇಲೆ ತಮ್ಮ ಮೂಗು ತುರಿಸಿಕೊಳ್ಳಲಿ. ಆಗ ಮಾತಾಡೋಣ.

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಬಹಳ ವರ್ಷಗಳಿಂದ ಬ್ಯಾಡಗಿಯಲ್ಲಿ ಅದೇ ಕೆಲಸ ಮಾಡುತ್ತಾಳೆ. ಅವ್ವ ತೀರಿಕೊಂಡ ಮೇಲೆ ನನಗೆ ಹೆರಳು ಹಾಕಿ ಶಾಲೆಗೆ ಕಳಿಸಿದವಳು ಅವಳೇ. ನಾನು ಮದುವೆಯಾಗಿ ಹಾವೇರಿಗೆ ಬಂದೆ. ಸೊಂಟನೋವಿಗೆಂದು ಯೋಗದ ಕ್ಲಾಸು ಸೇರಿದೆ, ನೋವು ಹೋಯಿತು. ಅದರಲ್ಲಿ ಸುಳ್ಳಿಲ್ಲ. ಬಗ್ಗುವಾಗ ಎಲ್ಲಿ ಬಿಗಿಯುತ್ತದೆ, ಉಸಿರು ಎಲ್ಲಿ ತಡೆಯುತ್ತದೆ ಎಂದು ಗಮನಿಸುವುದನ್ನು ಕಲಿತೆ. ನಲವತ್ತು ದಾಟಿದ ಮೇಲೆ ನನ್ನ ಬೆನ್ನು ನನಗೆ ಪರಿಚಯವಾಯಿತು. ಎರಡು ವರ್ಷದಲ್ಲಿ ಗುರುಗಳು ನನ್ನನ್ನು ಸಹಾಯಕಿ ಮಾಡಿಕೊಂಡು ಒಂದು ಬಿಳಿ ಟೀ ಶರ್ಟು ಕೊಟ್ಟರು. ಅದನ್ನು ಹಾಕಿಕೊಂಡ ದಿನದಿಂದ ನನ್ನ ತಲೆ ತಿರುಗಿತು, ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಚಿಗವ್ವನ ಗೋದಾಮಿನ ವ್ಯಾಪಾರಿ ತನ್ನ ಕೆಲಸದ ಹೆಂಗಸರಿಗೆ ಒಂದು ದಿನದ ಯೋಗ ಶಿಬಿರ ಮಾಡಿಕೊಡಿ ಎಂದು ನಮ್ಮ ಗುರುಗಳನ್ನು ಕೇಳಿದ, ಅದೂ ಊಟದ ಬಿಡುವಿನಲ್ಲಿ. ಗುರುಗಳಿಗಿಂತ ಮೊದಲು ನಾನೇ ತಯಾರಾದೆ. ಚಿಗವ್ವನ ಎದುರು ಆ ಬಿಳಿ ಶರ್ಟಿನಲ್ಲಿ ನಿಲ್ಲುವ ಆಸೆ.

ಅಂಗಳದಲ್ಲಿ ತಾಡಪತ್ರಿ ಹಾಸಿದ್ದರು. ಮೂವತ್ತು ನಲವತ್ತು ಹೆಂಗಸರು ಮೂಗಿಗೆ ಕಟ್ಟಿದ್ದ ಬಟ್ಟೆ ಕೆಳಗಿಳಿಸಿ ಕುಳಿತರು. ಗುರುಗಳು ಅವರಿಗೆ ನೆಲದ ಮೇಲೆ ಕೂಡುವುದು ಹೇಗೆ ಎಂದು ಕಲಿಸಿದರು. ದಿನಕ್ಕೆ ಎಂಟು ತಾಸು ನೆಲದ ಮೇಲೆಯೇ ಕೂಡುವವರಿಗೆ. ಒಮ್ಮೆ ಅಂಗಾತ ಮಲಗಿಸಿದ್ದರೆ ಆ ಬೆನ್ನುಗಳು ಹರಸುತ್ತಿದ್ದವು. ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದರು, ಘಾಟಿಗೆ ತಾವೇ ಮೊದಲು ಸೀನಿದರು. ಹೆಂಗಸರು ನಕ್ಕರು. ಗುರುಗಳ ಮುಖ ಬಿಗಿಯಿತು.

ಕೊನೆಗೆ, ನಮ್ಮ ಕ್ಲಾಸಿನಲ್ಲಿ ದಿನವೂ ಮಾಡುವ ಹಾಗೆ, ಅಂಗೈ ತಿಕ್ಕಿ ಬಿಸಿ ಮಾಡಿ ಕಣ್ಣಿನ ಮೇಲೆ ಇಟ್ಟುಕೊಳ್ಳಿ ಎಂದರು. ಯಾರೂ ಕೈ ಎತ್ತಲಿಲ್ಲ. ವ್ಯಾಪಾರಿ ಮೊಬೈಲ್ ಹಿಡಿದು ಫೋಟೊ ತೆಗೆಯಲು ನಿಂತಿದ್ದ. ಗುರುಗಳು ನನ್ನತ್ತ ನೋಡಿದರು. ಮೊದಲ ಸಾಲಿನಲ್ಲಿ ಚಿಗವ್ವ ಇದ್ದಳು, ಅಲ್ಲಿ ಕೂಡಿಸಿದವಳು ನಾನೇ. ಅವಳ ಬಲಗಣ್ಣಿನ ಪೊರೆ ತೆಗೆಸಿ ಇನ್ನೂ ಆರು ತಿಂಗಳಾಗಿರಲಿಲ್ಲ.

“ಕೈ ಖಾರ ಅದಾವ ಮಗಳ,” ಎಂದಳು ಮೆಲ್ಲಗೆ.

“ತೊಳಕೊಂಡೀಯಲ್ಲ. ಸರ್ ಹೇಳಾಕತ್ತಾರ, ಇಡು,” ಎಂದೆ.

ಆ ಖಾರ ತೊಳೆದರೆ ಹೋಗುವುದಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಾನು ಚಿಕ್ಕವಳಿದ್ದಾಗ ಅವಳು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆದ ಮೇಲೂ ನನ್ನ ಕೆನ್ನೆಯನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಗೊತ್ತಿದ್ದೂ ಹೇಳಿದೆ. ಮೈಯ ಒಂದೊಂದು ಕೀಲನ್ನೂ ಗಮನಿಸಲು ಕಲಿತವಳಿಗೆ ಎದುರಿಗಿದ್ದ ಎರಡು ಕೈ ಕಾಣಲಿಲ್ಲ. ಗುರುಗಳ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಹತ್ತು ಪಾಲು.

ಅವಳು ಇಟ್ಟುಕೊಂಡಳು. ಅವಳನ್ನು ನೋಡಿ ಉಳಿದವರೂ ಕೈ ಎತ್ತಿದರು. ಫೋಟೊ ಆಯಿತು. ಮರುಗಳಿಗೆ ಚಿಗವ್ವ ಮುಖ ಮುಚ್ಚಿಕೊಂಡು ಮುಂದಕ್ಕೆ ಬಾಗಿದಳು. ಹೆಂಗಸರು ಕೊಡಗಟ್ಟಲೆ ನೀರು ಹಾಕಿದರು. ಕಣ್ಣು ತೆರೆಯಲೇ ಇಲ್ಲ.

ಬಾಡಿಗೆ ಕಾರು ಮಾಡಿ ರಾಣೆಬೆನ್ನೂರಿನ ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ದಾರಿಯಲ್ಲಿ ಗುರುಗಳ ಫೋನು ಬಂತು. “ಹೆದರಬ್ಯಾಡ್ರಿ ಮೇಡಂ, ಕಣ್ಣೀರು ಹರೀಲಿ. ಒಳಗಿನ ಕಲ್ಮಶ ಹೊರಗ ಹೊಂಟೈತಿ.” ಕಲ್ಮಶವಂತೆ. ನಾನು ಆಗ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಡ್ರೈವರ್ ಗಾಬರಿಯಾಗಿ ಹಿಂತಿರುಗಿ ನೋಡಿದ.

ಕಣ್ಣು ಉಳಿಯಿತು. ಡಾಕ್ಟರು ಔಷಧದ ಹನಿ ಹಾಕಿ, ಕೆಲವು ದಿನ ಖಾರದ ಹತ್ತಿರ ಹೋಗಬೇಡಿ ಎಂದರು. ಸಂಜೆ ಅವಳ ಮನೆಯಲ್ಲಿ ಕುಳಿತಿದ್ದಾಗ ಮೊಬೈಲಿಗೆ ಆ ಫೋಟೊ ಬಂತು. ಎಲ್ಲ ಹೆಂಗಸರೂ ಕಣ್ಣಿಗೆ ಕೈ ಕೊಟ್ಟು ಕುಳಿತಿದ್ದರು. ನನಗೆ ಮತ್ತೆ ರೇಗಿತು.

“ಅವರ್ಯಾರಿಗೂ ಏನೂ ಆಗಲಿಲ್ಲಲ್ಲ, ಯಾಕ?” ಎಂದೆ.

“ಅವರು ಮುಟ್ಟಿಸಲಿಲ್ಲ. ಬೆರಳಷ್ಟು ದೂರ ಹಿಡಿದಿದ್ರು. ಮುಂದ ನಿಂತವರಿಗೆ ಇಟ್ಟಂಗ ಕಾಣತೈತಿ. ನಾವೇನ್ ಹುಚ್ಚರೇನ?”

“ಮತ್ತ ನೀ ಯಾಕ ಹಂಗ ಮಾಡಲಿಲ್ಲ?”

ಚಿಗವ್ವ ಊದಿದ ಕಣ್ಣನ್ನು ಅರ್ಧ ತೆರೆದು ನನ್ನತ್ತ ತಿರುಗಿದಳು.

“ಹೇಳಿದಾಕಿ ನೀ ಇದ್ದಿ. ನಿನಗ ಹೆಂಗ ಮೋಸ ಮಾಡಲಿ?”