ಗಿರೀಶನಿಗೆ ಉಣಿಸಿದ ಸಖೂ ಮಾವಶಿ

ಸಖೂ ಮಾವಶಿ ಬಾಲವಾಡಿಯ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಒಳಗೆ ಬರುವ ಪ್ರತಿಯೊಂದು ಮಗುವಿನ ಅಂಗೈಯನ್ನೂ ಮೂಸಿ ನೋಡುತ್ತಿದ್ದಳು. ಮೊದಲು ಬಲಗೈ, ಆಮೇಲೆ ಎಡಗೈ, ಕೊನೆಗೆ ಬಾಯಿ. ಸಂಶಯ ಬಂದರೆ ಮಗುವನ್ನು ಬಚ್ಚಲಿಗೆ ಒಯ್ದು ಸಾಬೂನು ಹಚ್ಚಿ ತೊಳೆದು, ಇನ್ನೊಮ್ಮೆ ಮೂಸಿಯೇ ಒಳಗೆ ಬಿಡುವಳು. ಹೊಸದಾಗಿ ನೋಡಿದವರು ನಗುತ್ತಿದ್ದರು.

"ನಗ್ರಿ ನಗ್ರಿ. ಹದಿನೆಂಟ ವರ್ಷ ತಂಬಾಕ ವಖಾರ್ಯಾಗ ದುಡದ ಮೂಗ ಇದು. ಯಾವ ಹೊಲದ ತಂಬಾಕಂತ ಹೇಳತಿತ್ತು. ಶೇಂಗಾ ಹೇಳೂದಿಲ್ಲೇನ?" ಎನ್ನುವಳು.

ಈ ತಪಾಸಣೆಯೆಲ್ಲ ನನ್ನ ಮಗ ಗಿರೀಶನೊಬ್ಬನ ಸಲುವಾಗಿ ನಡೆಯುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾನು ನಿಪ್ಪಾಣಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ಯಜಮಾನರ ನೌಕರಿ ಅಥಣಿಯಲ್ಲಿ, ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುವವರು. ಗಿರೀಶನಿಗೆ ಹದಿನಾಲ್ಕು ತಿಂಗಳಾಗಿದ್ದಾಗ ಮನೆ ಮಾಲಕರ ಹೆಂಡತಿ ಅಕ್ಕರೆಯಿಂದ ಒಂದು ಚೂರು ಶೇಂಗಾ ಹೋಳಿಗೆ ಅವನ ಬಾಯಿಗಿಟ್ಟರು. ನೋಡನೋಡುತ್ತ ತುಟಿ ಬಾತು, ಮೈತುಂಬ ಗಂಧೆ ಎದ್ದು, ಉಸಿರು ಕಟ್ಟತೊಡಗಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು ಉಳಿಸಿದರು. "ಅಲರ್ಜಿ. ಇನ್ನು ಇವನಿಗೆ ಒಂದು ಕಾಳು ಶೇಂಗಾ ಸಹ ಬೇಡ" ಎಂದರು.

ನಮ್ಮ ಕಡೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಚಟ್ನಿಯಲ್ಲಿ ಶೇಂಗಾ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ, ಏಕಾದಶಿಯ ಸಾಬೂದಾಣಿಯಲ್ಲೂ ಶೇಂಗಾ. "ಶೇಂಗಾ ತಿಂದ ಯಾರರೆ ಸಾಯತಾರೇನ್ರಿ?" ಎಂದು ಜನ ನನ್ನನ್ನೇ ಅನುಮಾನದಿಂದ ನೋಡಿದರು. ಮಗುವನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದ ಇಬ್ಬರು ಹೆಂಗಸರು, ವಿಷಯ ತಿಳಿದ ಮೇಲೆ ಹಿಂದೆ ಸರಿದರು. ಕೊನೆಗೆ ಉಳಿದದ್ದು ಬೀಡಿ ಕಟ್ಟುವ, ತಂಬಾಕಿನ ಗೋದಾಮಿಗೆ ಹೋಗುವ ಹೆಂಗಸರ ಮಕ್ಕಳಿಗೆಂದು ನಡೆಯುತ್ತಿದ್ದ ಆ ಒಂದು ಕೋಣೆಯ ಬಾಲವಾಡಿ. ಕೆಮ್ಮು ಹತ್ತಿ ವಖಾರಿ ಬಿಟ್ಟಿದ್ದ ಸಖೂ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು; ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವ ಹಾಗೆ ಎಲ್ಲರಿಗೂ ಆಕೆ ಮಾವಶಿ.

ನಾನು ಎಲ್ಲ ಹೇಳಿ ಮುಗಿಸುವ ತನಕ ಆಕೆ ಒಂದು ಕೂಸಿನ ಮೂಗು ಒರೆಸುತ್ತಿದ್ದಳು. ಆಮೇಲೆ ಕೇಳಿದಳು:

"ಶೇಂಗಾ ಎಣ್ಣಿ ನಡೀತೈತೇನ್ರಿ?"

ನನಗೆ ಗೊತ್ತಿರಲಿಲ್ಲ.

"ಬ್ಯಾರೆ ಹುಡುಗೂರ ಚಟ್ನಿ ಕೈಲೆ ಇವನ್ನ ಮುಟ್ಟಿದರ? ಇವನ ಬಟ್ಟಲದಾಗ ಕೈ ಹಾಕಿದರ?"

ಅದೂ ಗೊತ್ತಿರಲಿಲ್ಲ.

"ಹಂಗಾದರ ಥಾಂಬಾ, ತಡೀರಿ. ಡಾಕ್ಟರನ್ನ ಕೇಳಿಕೊಂಡ ಬರ್ರಿ. ಆಮ್ಯಾಲೆ ಕೂಸ ಇಟ್ಟ ಹೋಗ್ರಿ. ನಾ ಜ್ವಾಕಿ ಮಾಡತೀನಿ."

ಓದಿ ಬರೆದವಳು ನಾನು, ಅಕ್ಷರ ಬಾರದ ಆಕೆ ಕೇಳಿದ ಪ್ರಶ್ನೆಗಳನ್ನು ನಾನು ಡಾಕ್ಟರಿಗೆ ಕೇಳಿರಲೇ ಇಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ದಿನಗಳ ಮೇಲೆ ಧೈರ್ಯ ಬಂತು. ಎಣ್ಣೆಯೂ ಬೇಡ, ಮುಟ್ಟಿದ್ದೂ ಬೇಡ ಎಂದರು ಡಾಕ್ಟರು. ನಾನು ಕುಸುಬಿ ಎಣ್ಣೆಗೆ ಬದಲಾಯಿಸಿದೆ. ಮಾವಶಿ ಕಿಟಕಿಯ ಬದಿಗೆ ಗಿರೀಶನ ಚಾಪೆ ಹಾಸಿದಳು. ಬೇರೆಯವರ ಡಬ್ಬಿ ತೆರೆಯುವ ಮೊದಲೇ ಅವನಿಗೆ ಉಣಿಸಿ ಮುಗಿಸುವಳು. ಉಳಿದವರು ಉಂಡು ಕೈ ತೊಳೆದು, ನೆಲ ಒರೆಸಿದ ಮೇಲೆಯೇ ಅವನನ್ನು ಅವರೊಳಗೆ ಬಿಡುವಳು.

ಇಷ್ಟಕ್ಕೇ ಅವಳಿಗೆ ಸಮಾಧಾನವಿರಲಿಲ್ಲ. ಡಬ್ಬಿಯಲ್ಲಿ ಶೇಂಗಾ ಚಟ್ನಿ ತರಬಾರದು ಎಂದು ತಾಯಂದಿರಿಗೆ ಹೇಳಿದಳು. ಮರುದಿನ ನಾನು ಹೋದಾಗ ಬೀಡಿ ಕಟ್ಟುವ ಕಮಲಾ ಬಾಗಿಲಲ್ಲೇ ನಿಂತಿದ್ದಳು. "ಅಕ್ಕೋರ ಮಗನ ಸಲುವಾಗಿ ನಮ್ಮ ಹುಡುಗೂರು ಒಣಾ ರೊಟ್ಟಿ ತಿನ್ನಬೇಕೇನ ಮಾವಶಿ?" ಎಂದು ನನಗೆ ಕೇಳುವಂತೆಯೇ ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಟೆ.

"ನಿಲ್ಲರಿ ಅಕ್ಕೋರ," ಎಂದಳು ಮಾವಶಿ. ಕಮಲಾಳ ಕಡೆ ತಿರುಗಿದಳು. "ಅಕ್ಕೋರ ಮಗಾ ಅಂತ ಅಲ್ಲ ಕಮಲಾ. ಹೋದ ವರ್ಷ ನಿನ್ನ ಮಂಗಲಾಗ ಮೈತುಂಬ ಗುಳ್ಳಿ ಎದ್ದ ಗೊಬ್ಬರ ಆದಾಗ ಹದಿನೈದ ದಿನ ಯಾರ ಕೂಡಿಸಿಕೊಂಡ ಗಂಜಿ ಕುಡಿಸಿದರು? ನಿನ್ನ ಮಗಳಂತ ಮಾಡಿದ್ನೇನ? ಇಲ್ಲಿ ಬಂದ ಕೂಸು ನಂದು. ಚಟ್ನಿ ಮುಂಜಾನೆ ಮನ್ಯಾಗ ತಿನಸ, ಕೈ ತೊಳದ ಕರಕೊಂಡ ಬಾ. ಇಲ್ಲಿ ಹಚ್ಚಿಕೊಳ್ಳಾಕ ನಾ ಗುರೆಳ್ಳ ಚಟ್ನಿ ಕುಟ್ಟಿ ಇಡತೀನಿ."

ಮಾತಿನಂತೆ ಕುಟ್ಟಿದಳು. ಪ್ರತಿ ಸೋಮವಾರ ಗುರೆಳ್ಳು ಹುರಿದ ವಾಸನೆ ಓಣಿಯ ತುದಿಗೇ ಬರುತ್ತಿತ್ತು. ನಾನು ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದೆ. ತಿಂಗಳೊಳಗೆ ಕಮಲಾ ಕೂಡ ಒಂದು ಬಟ್ಟಲು ಮನೆಗೆ ಒಯ್ಯತೊಡಗಿದಳು.

ನಾಗರಪಂಚಮಿಯ ಮರುದಿನ ಶಾಲೆಗೆ ಓಡುತ್ತ ಒಬ್ಬಾಕೆ ಬಂದಳು. "ಅಕ್ಕೋರ, ಲಗೂನ ದವಾಖಾನಿಗೆ ಬರಬೇಕಂತ್ರಿ." ಹೇಗೆ ಹೋದೆನೋ ನೆನಪಿಲ್ಲ. ಹೋಗಿ ನೋಡಿದರೆ ಮಾವಶಿ ಬೆಂಚಿನ ಮೇಲೆ ಕುಳಿತಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತೊಡೆಯ ಮೇಲೆ ಗಿರೀಶ. ಮುಖ ಬಾತಿತ್ತು, ಆದರೆ ಉಸಿರು ಸರಾಗವಾಗಿತ್ತು. ಕಮಲಾಳ ಮಗಳು, ನಾಲ್ಕು ವರ್ಷದ ಮಂಗಲಾ, ಹಬ್ಬದ ಶೇಂಗಾ ಉಂಡಿಯನ್ನು ಲಂಗದಲ್ಲಿ ಮುಚ್ಚಿಟ್ಟು ತಂದು ಅವನಿಗೆ ಒಂದು ತುತ್ತು ತಿನ್ನಿಸಿದ್ದಳು. ಮಾವಶಿ ತುಟಿ ಬಾಯುವುದನ್ನು ಕಂಡದ್ದೇ, ನನಗೆ ಹೇಳಿ ಕಳಿಸಿ ಉತ್ತರಕ್ಕೆ ಕಾಯದೆ, ಅವನನ್ನು ಬಗಲಲ್ಲಿ ಹೊತ್ತು ಎರಡು ಓಣಿ ಓಡಿದ್ದಳು. ಐದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅಷ್ಟರಲ್ಲಿ ಕಮಲಾ ಮಗಳನ್ನು ದರದರ ಎಳೆದು ತಂದು ಬೆನ್ನಿಗೆ ಗುದ್ದತೊಡಗಿದಳು. ಮಾವಶಿ ಒಂದೇ ಕೈಯಲ್ಲಿ ಅವಳ ರಟ್ಟೆ ಹಿಡಿದಳು.

"ಬಿಡ. ಆ ಹುಡುಗಿ ಇವನ ಮ್ಯಾಲ ಜೀವಾ ಅಂತ ಕೊಟ್ಟೈತಿ. ತಪ್ಪ ನಂದು. ಕೈ ನೋಡಿದ್ನಿ, ಉಡಿ ನೋಡಲಿಲ್ಲ."

ನಾನು ಮಗುವನ್ನು ಕಸಿದುಕೊಂಡಂತೆ ಎತ್ತಿಕೊಂಡು ಮನೆಗೆ ಬಂದು, ರಜೆಯ ಅರ್ಜಿ ಬರೆದೆ. ನೌಕರಿಯನ್ನೇ ಬಿಡುವ ಯೋಚನೆ ಬಂದಿತ್ತು. ಮೂರನೆಯ ದಿನ ಮುಂಜಾನೆ ಮಾವಶಿ ಬಂದು ಅಡುಗೆಮನೆಯ ಬಾಗಿಲಿಗೆ ಕುಳಿತಳು. ಕ್ಷಮೆ ಬೇಡಲಿಲ್ಲ, ಅಳಲಿಲ್ಲ.

"ಅಕ್ಕೋರ, ನೀವ ಇವನ್ನ ಮನ್ಯಾಗ ಎಷ್ಟ ವರ್ಷ ಇಡತೀರಿ? ನಾಳೆ ಸಾಲಿಗೆ ಹೋಗತಾನ, ಬೀಗರ ಮನಿಗೆ ಹೋಗತಾನ. ಶೇಂಗಾ ಊರ ತುಂಬ ಐತಿ. ಕೇಳಿ ತಿನ್ನಾಕ ಕಲಸೋಣ. ನಾ ಕಲಸತೀನಿ. ಕಳಸ್ರಿ."

ಕಳಿಸಿದೆ. ಎರಡು ವರ್ಷ ತುಂಬುವ ಮೊದಲೇ ಗಿರೀಶ ಯಾರೇ ಏನೇ ಕೊಟ್ಟರೂ ಬಾಯಿ ಬಿಗಿಹಿಡಿದು, "ಶೇಂಗಾ ಐತೇನ?" ಎಂದು ಕೇಳತೊಡಗಿದ. ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಅವನ ಪಕ್ಕದಲ್ಲಿ ಕುಳಿತು ಅವನ ಬಟ್ಟಲಿಗೆ ಯಾರೂ ಕೈ ಹಾಕದಂತೆ ಕಾಯುವ ಕೆಲಸವನ್ನು ಮಾವಶಿ ಮಂಗಲಾಳಿಗೇ ವಹಿಸಿದ್ದಳು. ಆ ಹುಡುಗಿ ದೊಡ್ಡವರನ್ನೂ ಗದರಿಸುತ್ತಿದ್ದಳು.

ಗಿರೀಶ ಶಾಲೆಗೆ ಸೇರುವ ಹೊತ್ತಿಗೆ ನನಗೆ ಅಥಣಿಗೆ ವರ್ಗವಾಯಿತು. ಮಾವಶಿ ಕೆಲವು ವರ್ಷಗಳ ನಂತರ ಸದಲಗಾದ ಮಗಳ ಮನೆಗೆ ಹೋದಳೆಂದು ತಿಳಿಯಿತು. ಈಗ ಆಕೆ ಇಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂದು ವರ್ಷ ತಡವಾಗಿ.

ಅದಕ್ಕೂ ಮೊದಲು, ಗಿರೀಶ ಏಳನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಅವನನ್ನು ಕರೆದುಕೊಂಡು ಸದಲಗಾಕ್ಕೆ ಹೋಗಿದ್ದೆ. ಅವನ ಎತ್ತರ ನೋಡಿ ನಕ್ಕು, ಗಲ್ಲ ಸವರಿದಳು. ಕೂತು ಮಾತಾಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ನೆರೆಮನೆಯ ಒಂದು ಕೂಸಿಗೆ ಹಾಲು ಒಗ್ಗುತ್ತಿರಲಿಲ್ಲವಂತೆ, ಅದರ ತಾಯಿ ಹೊಲಕ್ಕೆ ಹೋದಾಗ ಇವಳೇ ಉಣಿಸುತ್ತಿದ್ದಳು. "ಕೂಡ್ರಿ ಅಕ್ಕೋರ, ಇದು ಭಾಳ ಹಟಮಾರಿ ಐತಿ, ನಡುವ ಬಿಟ್ಟ ಎದ್ದರ ಮತ್ತ ಬಾಯಿ ತಗಿಯೂದಿಲ್ಲ" ಎಂದು ಒಳಗೆ ಹೋದಳು. ನಮ್ಮ ಬಸ್ಸಿನ ಹೊತ್ತಾಯಿತು. ಹೊರಟೆವು ಎಂದು ಕೂಗಿದಾಗ ಬಾಗಿಲಿಗೆ ಬಂದಳು. ಎಡಗೈಯಲ್ಲಿ ಕೂಸು, ಬಲಗೈ ಬೆರಳಿಗೆಲ್ಲ ಕಲಸಿದ ಅನ್ನ. ಕೈ ಮುಗಿಯಲಾಗದೆ ಬರಿ ಮೊಣಕೈ ಎತ್ತಿ ತೋರಿಸಿ, ನಾವು ತಿರುಗುವ ಮೊದಲೇ ಕೂಸಿನ ಬಾಯಿಗೆ ಮುಂದಿನ ತುತ್ತು ಇಟ್ಟಳು.