ಕಣದ ಹೊರಸುತ್ತಿನಲ್ಲಿ ನಡೆಯುವ ಮೇಷ್ಟ್ರು

ಸೇಲಂ ಜಿಲ್ಲೆಯ ತಳಿ ಊರಿನ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವದ ಚಳಿ ಮೂಳೆಗೇ ಇಳಿಯುತ್ತದೆ. ಆ ಚಳಿಯಲ್ಲಿ ಮುತ್ತರಾಯಪ್ಪ ಮೇಷ್ಟ್ರು ತಲೆಗೆ ವಸ್ತ್ರ ಸುತ್ತಿಕೊಂಡು ಶ್ಯಾಮಣ್ಣನವರ ಕಣ ಗುಡಿಸುತ್ತಿದ್ದಾರೆ. ರಾಗಿ ಒಕ್ಕಣೆ ಮುಗಿದು ಕಣ ಖಾಲಿ ಬಿದ್ದಿದೆ. ಎತ್ತುಗಳು ಸುತ್ತುವ ಮೇಟಿ ಕಂಬ ಮಾತ್ರ ನಡುವೆ ನಿಂತಿದೆ. ಮೇಷ್ಟ್ರು ಅದಕ್ಕೆ ಹಗ್ಗ ಕಟ್ಟಿ, ಬಿಗಿಯಾಗಿ ಎಳೆದು ಹಿಡಿದು, ಒಲೆ ಬೂದಿ ಉದುರಿಸುತ್ತ ಸುತ್ತು ಬರುತ್ತಾರೆ. ಹಗ್ಗ ಬಿಟ್ಟಷ್ಟೂ ಸುತ್ತು ದೊಡ್ಡದಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೇಟಿ ಸೂರ್ಯನಾಗಿದೆ, ಬೂದಿ ಗೆರೆಗಳು ಗ್ರಹಗಳ ದಾರಿಯಾಗಿವೆ.

ಶ್ಯಾಮಣ್ಣ ಎತ್ತು ಹೊಡೆದುಕೊಂಡು ಆ ಕಡೆ ಬರುತ್ತಾರೆ. ಮೇಷ್ಟ್ರನ್ನು ಕಂಡವರೇ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಲ್ಲುತ್ತಾರೆ.

“ಏನ್ ಮೇಷ್ಟ್ರೇ, ಇವತ್ತು ಶನಿ ಸವಾರಿ ಯಾವ್ ಕಡೆಗೆ?”

“ನಿಮ್ ಕಣದಾಗೇ ಅದೆ ಶ್ಯಾಮಣ್ಣ. ನೀವು ಹೊಲಕ್ಕೆ ಹೋಗ್ರಿ, ನಾನು ಈ ಕಡೆ ತಿರಿಕ್ಕೊಂಡು ನಿಂತ್ಕೊತೀನಿ.”

ಹೇಳಿದಂತೆ ಮೇಷ್ಟ್ರು ಬೆನ್ನು ತೋರಿಸಿ ನಿಲ್ಲುತ್ತಾರೆ. ಎತ್ತಿನ ಗೊರಸಿನ ಸದ್ದು ದೂರವಾದ ಮೇಲೆ ಮತ್ತೆ ಬೂದಿ ಬುಟ್ಟಿ ಎತ್ತಿಕೊಳ್ಳುತ್ತಾರೆ. ಶ್ಯಾಮಣ್ಣ ಕೆಟ್ಟವರಲ್ಲ, ಕಣ ಬಿಟ್ಟುಕೊಟ್ಟವರೇ ಅವರು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಟವರಿಗೆ ಮೇಷ್ಟ್ರ ಮುಖ ಎದುರಾಗಬಾರದೆಂದು ಊರಿಗೆ ಊರೇ ನಂಬಿದೆ. ಅದಕ್ಕೇ ಅವರು ಬೀದಿ ಬಿಟ್ಟು ಹಿತ್ತಲುಗಳ ಹಿಂದೆ, ರಾಗಿ ಕೂಳೆ ತುಳಿದುಕೊಂಡು ಶಾಲೆಗೆ ಬರುತ್ತಾರೆ. ಪಾದದ ತುಂಬ ಗೀರು.

ಇದು ಹೀಗಾಗಿ ಒಂದು ವರ್ಷ.

ಮುತ್ತರಾಯಪ್ಪ ಕೆಲಮಂಗಲದ ಹತ್ತಿರದವರು. ಸೇಲಂನಲ್ಲಿ ಟ್ರೈನಿಂಗು ಮುಗಿಸಿ ಈ ಒಂಟಿ ಮೇಷ್ಟ್ರ ಶಾಲೆಗೆ ಬಂದಾಗ ಮೀಸೆ ಕಪ್ಪಗಿತ್ತು. ಈಗ ಯುದ್ಧದ ಕಾಲ, ಕಾಗದಕ್ಕೂ ಬರ, ಸೀಮೆಎಣ್ಣೆಗೂ ಬರ. ಗ್ರಹಗಳ ಚಿತ್ರವಿದ್ದ ಒಂದೇ ಪುಸ್ತಕವನ್ನು ಗೆದ್ದಲು ತಿಂದಿತು. ಆಗ ಹೊಳೆದದ್ದು ಈ ಕಣ. ಮೇಟಿ ಪಕ್ಕದ ಎತ್ತು ಕಮ್ಮಿ ನಡೆಯುತ್ತದೆ, ಹೊರಗಿನ ಎತ್ತು ಜಾಸ್ತಿ ನಡೆಯುತ್ತದೆ ಎಂಬುದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಒಂದೊಂದು ಮಗು ಒಂದೊಂದು ಗ್ರಹ. ಒಳಗೆರೆಯಲ್ಲಿ ಬುಧ ಓಡಬೇಕು, ಆಚೆ ಶುಕ್ರ, ಅದರಾಚೆ ಭೂಮಿ. “ರಾಹು ಕೇತು ಯಾವ್ ಗೆರೆ ಮೇಷ್ಟ್ರೇ?” ಎಂದು ಕೇಳಿದರೆ, “ಅವಕ್ಕೆ ಮೈಯೇ ಇಲ್ಲ ಕಣ್ರಲಾ, ನಡಿಯಾದೆಲ್ಲಿ ಬಂತು?” ಎಂದು ನಗಿಸುತ್ತಿದ್ದರು.

ಹೋದ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಶನಿಯ ಗೆರೆ ಗಂಗರತ್ನಳ ಪಾಲಿಗೆ ಬಂತು. ಅಂಜಿನಮ್ಮನವರ ಒಬ್ಬಳೇ ಮಗಳು. ಬಾಕಿ ಮಕ್ಕಳೆಲ್ಲ ಓಡುವವರೇ. ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಿಧಾನವಾಗಿ ನಡೆಯುವ ತಾಳ್ಮೆ ಇದ್ದದ್ದು ಅವಳಿಗೊಬ್ಬಳಿಗೇ. ಶನಿಗೆ ಬಳೆ ಇರುತ್ತದಲ್ಲ, ಹಾಗಾಗಿ ಮೇಷ್ಟ್ರು ಹರಿದ ಜರಡಿಯ ಬಿದಿರು ಬಳೆಯನ್ನು ಅವಳ ಹೆಗಲ ಮೇಲೆ ಕೂರಿಸಿದರು. ಹುಡುಗಿಗೆ ಹಿಗ್ಗೋ ಹಿಗ್ಗು. ಅದನ್ನು ತೊಟ್ಟುಕೊಂಡೇ ಬೀದಿಯುದ್ದಕ್ಕೂ “ನಾನು ಶನಿ, ನಾನು ಶನಿ” ಅನ್ನುತ್ತ ಮನೆಗೆ ಹೋದಳು, ಮಾರನೆಯ ದಿನ ತಂದು ಶಾಲೆಯಲ್ಲಿಟ್ಟಳು.

ಸ್ವಲ್ಪ ದಿನಕ್ಕೆ ಊರಿಗೆ ವಾಂತಿಭೇದಿ ಬಂತು. ಗಂಗರತ್ನಳ ಅಪ್ಪ ವೆಂಕಟಸ್ವಾಮಿ ಹೋಗಿಬಿಟ್ಟರು. ಅದೇ ಬೀದಿಯಲ್ಲಿ ಇನ್ನೂ ಕೆಲವರು ಸತ್ತರು, ಅವರ ಮಕ್ಕಳು ಯಾವ ಗ್ರಹವೂ ಆಗಿರಲಿಲ್ಲ. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮೇಷ್ಟ್ರು ಮಗುವಿನ ಮೇಲೆ ಶನಿ ಹತ್ತಿಸಿದರು ಎಂಬ ಮಾತು ನೀರಿನ ಬಾವಿಯ ಹತ್ತಿರ ಹುಟ್ಟಿ ಸಂಜೆಯೊಳಗೆ ಊರೆಲ್ಲ ಆಯಿತು. ಗಂಗರತ್ನ ಬಂದರೆ ಮಕ್ಕಳು ಆಟ ಬಿಟ್ಟು ಏಳುತ್ತಿದ್ದರು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅವಳ ಶಾಲೆಯಂತೂ ನಿಂತೇಹೋಯಿತು. ಮೇಷ್ಟ್ರು ಮನೆ ಮನೆಗೆ ಹೋಗಿ ಹೇಳಿದರು, ಆಕಾಶ ತೋರಿಸಿ ಹೇಳಿದರು. ಕೇಳಿಸಿಕೊಂಡವರು ತಲೆ ಆಡಿಸಿ ಬಾಗಿಲು ಹಾಕಿಕೊಂಡರು.

ಒಂದು ಶನಿವಾರ ಬೆಳಿಗ್ಗೆ ಅಂಜಿನಮ್ಮ ಮಗಳನ್ನು ಕರೆದುಕೊಂಡು ಶಾಲೆಯ ಮುಂದೆ ಬಂದರು. ಹಿಂದೆ ಬೀದಿಯ ಜನ.

“ಹತ್ತಿಸ್ದೋರು ನೀವು, ಇಳಿಸ್ಕೊಡಿ ಮೇಷ್ಟ್ರೇ.”

“ಅಂಜಿನವ್ವಾ, ಹತ್ತಿದ್ರಲ್ವಾ ಇಳ್ಸಾದು? ಏನೂ ಹತ್ತಿಲ್ಲ ತಾಯಿ.”

“ನಿಮ್ ಓದು ನನಗ್ಬ್ಯಾಡ. ಹೋದೋನಂತೂ ಬರಲ್ಲ. ಈ ಮಗಿನ ಜತೆ ಒಂದ್ ನರಪಿಳ್ಳೆ ಕೂತ್ಕೊಳ್ಳಲ್ಲ. ನಾಳೆ ಇವಳ್ನ ಯಾರ್ ಮನಿಗೆ ಕೊಡಾನಾ?”

ಮೇಷ್ಟ್ರು ಹುಡುಗಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಇಳಿಸಿಕೊಟ್ಟರೆ, ಹತ್ತಿದ್ದು ನಿಜವೆಂದು ತಾವೇ ಒಪ್ಪಿದಂತೆ. ಇಷ್ಟು ವರ್ಷ ಕಲಿಸಿದ್ದೆಲ್ಲ ಬೂದಿ. ಇಳಿಸದಿದ್ದರೆ, ಅವಳು ಹೀಗೇ ನೆಲ ನೋಡುತ್ತ ಬೆಳೆಯಬೇಕು.

ಅವರು ಒಳಗೆ ಹೋಗಿ ಆ ಜರಡಿ ಬಳೆ ತಂದರು. ಎಳ್ಳೆಣ್ಣೆಯ ದೀಪ ಹಚ್ಚಿಸಿದರು. ಬಳೆಯನ್ನು ಹುಡುಗಿಯ ತಲೆ ಮೇಲಿಂದ ತೊಡಿಸಿ, ಎಲ್ಲರೂ ನೋಡುವಂತೆ ಮೇಲಕ್ಕೆ ಎತ್ತಿ ತೆಗೆದು, ತಮ್ಮ ಕೊರಳಿಗೆ ಹಾಕಿಕೊಂಡರು.

“ನನ್ ಮ್ಯಾಲೆ ಬಂತು. ಇನ್ನು ಮಗಿನ ತಂಟೆಗೆ ಯಾರೂ ಹೋಗ್ಬ್ಯಾಡ್ರಿ.”

ಯಾರೋ ಒಬ್ಬರು, ಬಂದದ್ದು ಏಳೂವರೆ ವರ್ಷ ಬಿಡುವುದಿಲ್ಲ ಅಂದರು. ಜನ ದಾರಿ ಬಿಟ್ಟು ಸರಿದು ನಿಂತರು. ಸೋಮವಾರ ಗಂಗರತ್ನ ಸ್ಲೇಟು ಹಿಡಿದು ಬಂದಳು, ಪಕ್ಕದಲ್ಲಿ ಮಕ್ಕಳೂ ಕೂತವು. ಅಂದಿನಿಂದ ಮೇಷ್ಟ್ರಿಗೆ ಬೀದಿ ತಪ್ಪಿತು. ಮದುವೆ, ನಾಮಕರಣಕ್ಕೆ ಕರೆಯುವವರು ನಿಂತರು. ಹೆಂಡತಿ ನರಸಮ್ಮ ಕೂಡ ಮೊದಮೊದಲು ಊಟಕ್ಕಿಟ್ಟು ದೂರ ಹೋಗಿ ಕೂರುತ್ತಿದ್ದರು.

ಈಗ ಕಣಕ್ಕೆ ಮಕ್ಕಳು ಬಂದಿದ್ದಾರೆ. ಬುಧ ಓಡುತ್ತಾನೆ, ಶುಕ್ರ ಎಡವುತ್ತಾನೆ. ಭೂಮಿಯ ಗೆರೆಯಲ್ಲಿ ಗಂಗರತ್ನ ತನ್ನ ಸುತ್ತಲೂ ತಿರುಗುತ್ತ ಸಾಗುತ್ತಾಳೆ. ಶನಿಯ ಗೆರೆಯನ್ನು ಮಕ್ಕಳು ಯಾರೂ ತುಳಿಯುವುದಿಲ್ಲ, ಅದರಲ್ಲಿ ಮೇಷ್ಟ್ರೇ ನಡೆಯಬೇಕು. ಬೆನ್ನು ಬಾಗಿದೆ. ಶನಿಗೆ ಒಂದು ಸುತ್ತಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ ಬೇಕು ಎಂದು ಅವರು ಹೇಳಿದರೆ ಮಕ್ಕಳು ಹೂಂ ಅನ್ನುತ್ತಾರೆ, ಅವರ ಕಾಲ ಬಳಿಯ ಬೂದಿಯಿಂದ ಮಾತ್ರ ದೂರ ಸರಿಯುತ್ತಾರೆ.

ಪಾಠ ಮುಗಿದು ಮಕ್ಕಳು ಪಕ್ಕದ ಶಾಲೆಯೊಳಗೆ ಹೋದ ಮೇಲೆ ಮೇಷ್ಟ್ರು ಮೇಟಿಗೆ ಒರಗಿ ಕೂರುತ್ತಾರೆ. ಒಳಗಿನಿಂದ ಗಂಗರತ್ನ ಮಗ್ಗಿ ಹೇಳಿಕೊಡುವ ದನಿ ಕೇಳುತ್ತದೆ.

“ಆ ಹುಡುಗಿ, ನನ್ನ ಉಳಿಸ್ದೋರು ನೀವು ಅಂತ ನಂಗೆ ಕೈ ಮುಗಿತಾಳೆ. ಅದ್ ನೋಡಿದ್ರೆ ಸಂಕಟ ಆಯ್ತದೆ” ಎಂದು ತಮ್ಮಷ್ಟಕ್ಕೇ ಅನ್ನುತ್ತಾರೆ. “ಅವಳು ಚೆಂದಾಗಿ ಓದ್ಬೇಕು. ಓದಿ ಒಂದಿನ ನನ್ ಎದುರಿಗೆ ನಿಂತು, ಮೇಷ್ಟ್ರೇ, ಅವತ್ತು ನೀವು ಸುಳ್ಳಾಡಿದ್ರಿ ಅನ್ಬೇಕು. ಅಷ್ಟು ಕಲಿತ್ರೆ ಸಾಕು.”